ಎಲುಬು ಕೂಡಿಸುವ ಬಸಲಿಂಗವ್ವನ ನೂರೆಂಟು ಉಸಿರು

ನಮ್ಮ ಅಜ್ಜನ ಅಜ್ಜನಿಗೂ ಕೇಳಿಯಷ್ಟೇ ಗೊತ್ತಿದ್ದ ಕಾಲ. ಒಂದು ಊರಿನಲ್ಲಿ, ಒಂದು ಬೆಳಿಗ್ಗೆ, ಒಬ್ಬ ಹೆಂಗಸಿನ ಮನೆಯ ಮುಂದಿನ ರಂಗೋಲಿಯಲ್ಲಿ ಒಂದು ಗೆರೆ ಸೊಟ್ಟಗಿತ್ತು. ಸುದ್ದಿ ತಿಳಿದು ದನ ಬಿಡುವವರು ದನ ಬಿಡಲಿಲ್ಲ, ರೊಟ್ಟಿ ಬಡಿಯುವವರು ಹಿಟ್ಟು ಮುಚ್ಚಿಟ್ಟು ಬಂದರು, ಹಿರಿಯರು ಅವಳ ಮನೆಯ ಕಟ್ಟೆಯ ಮೇಲೆ ಸೇರಿದರು. ಊರು ಯಾವುದೆಂದು ಕೇಳಬೇಡಿ. ಆ ಹೆಂಗಸು ನಮ್ಮವಳೇ ಎಂದು ಮೂರು ಊರಿನವರು ಇಂದಿಗೂ ಹೇಳುತ್ತಾರೆ. ಮೂರೂ ಊರಿನವರು ಸಾಕ್ಷಿಗೆ ಒಂದೊಂದು ಹೊಸ್ತಿಲು ತೋರಿಸುತ್ತಾರೆ.

ಅವಳು ಎಲುಬು ಕೂಡಿಸುವ ಬಸಲಿಂಗವ್ವ. ಮೂರು ದಿನದ ದಾರಿಯಲ್ಲಿ ಅಂಥ ಇನ್ನೊಂದು ಕೈ ಇರಲಿಲ್ಲವಂತೆ. ಮುರಿದ ಕೈಯನ್ನೋ ಕಾಲನ್ನೋ ಹಿಡಿದು ಎಳೆದು, ಎಲುಬನ್ನು ಅದರ ಜಾಗಕ್ಕೆ ಕೂಡಿಸಿ, ಉದ್ದಿನ ಹಿಟ್ಟು ಮೆತ್ತಿ, ಬಿದಿರಿನ ದಬ್ಬೆ ಇಟ್ಟು, ಹಳೆ ಸೀರೆಯ ಪಟ್ಟಿ ಸುತ್ತುತ್ತಿದ್ದಳಂತೆ. ಇಷ್ಟನ್ನು ಅವಳಿಗೆ ತಾಯಿ ಕಲಿಸಿದ್ದು. ಉಸಿರಿನ ವಿದ್ಯೆ ಕಲಿಸಿದ್ದು ಒಬ್ಬ ಯೋಗಿ. ಆ ಯೋಗಿ ಹಸಿವು ಗೆದ್ದಿದ್ದ, ನಿದ್ದೆ ಗೆದ್ದಿದ್ದ ಅನ್ನುತ್ತಾರೆ. ಮಠದ ಮೆಟ್ಟಿಲನ್ನು ಮಾತ್ರ ಗೆದ್ದಿರಲಿಲ್ಲ. ಅಲ್ಲಿ ಎಡವಿ ಮುರಿದ ಅವನ ಹೆಬ್ಬೆರಳು ಕೂಡಿಸಿದ್ದಕ್ಕೆ ಅವನು ಪ್ರಾಣಾಯಾಮ ಹೇಳಿಕೊಟ್ಟು ಹೋದ.

ಅಂದಿನಿಂದ ಅವಳ ಕಟ್ಟಳೆ ಹೀಗೆ. ಎಲುಬು ಎಳೆಯುವಾಗ ಕೂಗಬಾರದು, ಕಣ್ಣು ಮುಚ್ಚಬಾರದು. ನೆಟ್ಟಗೆ ಕೂತು, ಅವಳ ಕೈ ನೋಡುತ್ತ, ನೂರೆಂಟು ಉಸಿರು ಎಣಿಸಬೇಕು. ಅಲ್ಲಿಯವರೆಗೆ ಅವಳು ಎಳೆದು ಹಿಡಿದಿರುತ್ತಾಳೆ. ಆಮೇಲೆ ನಲವತ್ತು ದಿನ, ಎದ್ದ ಕೂಡಲೇ, ಮುರಿಯದೆ ಉಳಿದ ಎಲುಬುಗಳಿಗೆ ಒಂದೊಂದಾಗಿ ಶರಣು ಹೇಳಬೇಕು. ಎಡಗೈ ಮುರಿದವನು ಬಲಗೈಗೆ, ಎರಡು ಕಾಲಿಗೆ, ಬೆನ್ನಿಗೆ, ಕುತ್ತಿಗೆಗೆ. ಆ ಊರಿನವರು ಕಾಲು ಮುರಿದುಕೊಂಡರೂ ನಗುನಗುತ್ತ ಮುರಿದುಕೊಳ್ಳುತ್ತಾರೆ ಎಂಬ ಹೆಸರು ಸುತ್ತಲೂ ಹಬ್ಬಿತ್ತು. ಊರಿಗೆ ಅದೊಂದು ಹೆಮ್ಮೆ. ತಮ್ಮಷ್ಟು ತೃಪ್ತರು ಬೇರೆಲ್ಲೂ ಇಲ್ಲವೆಂದು ಪಕ್ಕದ ಊರಿನವರ ಜೊತೆ ಜಗಳವಾಡಿ ಬರುತ್ತಿದ್ದರು.

ಹೆಮ್ಮೆ ಇಲ್ಲದವನು ಒಬ್ಬನೇ, ಗಾಣದ ಗುರುಸಿದ್ದ. ಹನ್ನೆರಡು ವರ್ಷದ ಹಿಂದೆ ಗಾಣದ ನೊಗ ಬಡಿದು ಅವನ ಬಲ ಮಣಿಕಟ್ಟು ಮುರಿದಿತ್ತು. ಬಸಲಿಂಗವ್ವ ಕೂಡಿಸಿದಳು, ಅದು ಸೊಟ್ಟಗೆ ಕೂಡಿತು. ಎಣ್ಣೆಗೆ ಬಂದವರಿಗೆಲ್ಲ ಅವನು ಮೊದಲು ಮಣಿಕಟ್ಟು ತೋರಿಸಿ, ಆಮೇಲೆ ಎಣ್ಣೆ ಅಳೆಯುತ್ತಿದ್ದ. ಹೇಗೆ ಹಿಡಿದಳು, ಎಲ್ಲಿ ಒತ್ತಿದಳು, ದಬ್ಬೆ ಎಷ್ಟು ಬೆರಳು ಅಗಲವಿತ್ತು, ಒಂದನ್ನೂ ಬಿಡದೆ ದೂರುತ್ತಿದ್ದ. ಮುರಿಯದ ಎಲುಬಿಗೆ ಶರಣು ಅನ್ನುವುದಾದರೆ, ಮೈಮೇಲೆ ಬೀಳದ ಸೂರಿಗೂ ಅನ್ನಬೇಕೇನು ಎಂದು ಕೇಳಿದ್ದನಂತೆ. ನಿನ್ನ ಸೂರು ಹಳೆಯದು, ಶರಣು ಅಂದರೆ ತಪ್ಪಿಲ್ಲ ಎಂದು ಅವಳು ಹೇಳಿದ್ದಳಂತೆ. ಅಷ್ಟು ಬಿಟ್ಟರೆ ಅವನ ದೂರಿಗೆ ಅವಳು ಹನ್ನೆರಡು ವರ್ಷ ಒಂದು ಮಾತೂ ಎದುರಾಡಲಿಲ್ಲ.

ಈಗ ರಂಗೋಲಿಗೆ ಬರೋಣ. ಮನಸ್ಸು ಹೆಜ್ಜೆಯಲ್ಲಿರಲಿ ಎಂದು ಊರಿಗೆಲ್ಲ ಹೇಳುತ್ತಿದ್ದ ಬಸಲಿಂಗವ್ವ, ಹಿಂದಿನ ಸಂಜೆ ಬಾವಿಯ ಮೆಟ್ಟಿಲು ಇಳಿಯುತ್ತಿದ್ದಳು. ಸೊಸೆ ಹಾಲು ಉಕ್ಕಿಸಿದ್ದಳು, ಮನಸ್ಸು ಆ ಹಾಲಿನಲ್ಲಿತ್ತು. ಕಾಲು ಜಾರಿತು, ಬಲ ಮಣಿಕಟ್ಟು ಮುರಿಯಿತು. ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಎಡಗೈಯಿಂದ ರಂಗೋಲಿ ಎಳೆದಳು; ಆ ಸೊಟ್ಟ ಗೆರೆಯೇ ಊರಿಗೆಲ್ಲ ಹೇಳಿತು. ಎಡಗೈಗೆ ಶರಣು ಅಂದಳು, ಕಾಲಿಗೆ ಅಂದಳು, ಬೆನ್ನಿಗೆ ಅಂದಳು. ಬಾಯಿ ಅಂದಿತು, ಮನಸ್ಸು ಅನ್ನಲಿಲ್ಲ. ಆ ಕೈ ಸೊಟ್ಟಗೆ ಕೂಡಿದರೆ ಇನ್ನು ಅದು ಯಾರ ಎಲುಬನ್ನೂ ಎಳೆಯಲಾರದು. ಮೂರು ದಿನದ ದಾರಿಯಲ್ಲಿ ಮುರಿದವರೆಲ್ಲ ಮುರಿದೇ ಉಳಿಯುತ್ತಾರೆ. ಇದು ಅವಳಿಗೆ ಗೊತ್ತಿತ್ತು, ಕಟ್ಟೆಯ ಮೇಲೆ ಕೂತವರಿಗೂ ಗೊತ್ತಿತ್ತು.

ಕಟ್ಟುವವರಿಗೇನೂ ಬರವಿರಲಿಲ್ಲ. ಅವಳು ಯಾರಿಗೂ ಕಣ್ಣು ಮುಚ್ಚಗೊಡದೆ ಇದ್ದದ್ದರಿಂದ ಊರಿನ ತುಂಬ ನೋಡಿ ಕಲಿತವರೇ. ಆದರೆ ಒಬ್ಬನಿಗೆ ಮೊಣಕಾಲು ಗೊತ್ತು, ಒಬ್ಬಳಿಗೆ ಹೆಗಲು ಗೊತ್ತು, ತಳವಾರನಿಗೆ ಪಕ್ಕೆಲುಬು ಗೊತ್ತು. ಮಣಿಕಟ್ಟು ಗೊತ್ತಿದ್ದವನು ಒಬ್ಬನೇ. ಅವನನ್ನು ಕರೆಯಲು ಯಾರಿಗೂ ಬಾಯಿ ಬರಲಿಲ್ಲ. ಬಸಲಿಂಗವ್ವನೇ ಕರೆಸಿದಳು.

ಗುರುಸಿದ್ದ ಬಂದ. ಕೈ ನೋಡಿದ.

"ನಿನಗೂ ಬಂತೇನವ್ವ," ಅಂದ.

"ಬಂತಪ್ಪ. ನನ್ನಂಗ ಕಟ್ಟಬ್ಯಾಡ, ನೆಟ್ಟಗ ಕಟ್ಟು," ಅಂದಳು. ಕಟ್ಟೆಯ ಮೇಲಿದ್ದವರು ನಗು ನುಂಗಿದರು.

ಅವನು ಕೂತು ಹಿಡಿದ. ಹನ್ನೆರಡು ವರ್ಷ ದೂರಿದ್ದು ಅವನಿಗೆ ಬಾಯಿಪಾಠವಾಗಿತ್ತು. ಎಲ್ಲಿ ಒತ್ತಬೇಕೋ ಅಲ್ಲಿ ಒತ್ತಿದ, ಹೇಗೆ ಎಳೆಯಬೇಕೋ ಹಾಗೆ ಎಳೆದ. ಅವಳು ಎಣಿಸತೊಡಗಿದಳು. ಐವತ್ತಾಯಿತು, ಎಪ್ಪತ್ತಾಯಿತು. ತೊಂಬತ್ತು ದಾಟಿ ತೊಂಬತ್ತಾರಕ್ಕೆ ಬಂದಾಗ ಕಣ್ಣಲ್ಲಿ ಕತ್ತಲೆ ಬಂತು. ಊರಿಗೆ ಉಸಿರು ಕಲಿಸಿದವಳಿಗೆ ಉಸಿರು ಸಿಗಲಿಲ್ಲ.

"ಬಿಡೋ ಗುರುಸಿದ್ದ, ಸಾಕು. ಕೂಡೇತಿ," ಅಂದಳು.

ಬಿಟ್ಟಿದ್ದರೆ ಯಾರೂ ಅವನನ್ನು ಅನ್ನುತ್ತಿರಲಿಲ್ಲ. ಬಿಡು ಅಂದವಳು ಅವಳೇ. ಗುರುಸಿದ್ದ ಒಮ್ಮೆ ಜನರನ್ನು ನೋಡಿದ, ಒಮ್ಮೆ ತನ್ನ ಸೊಟ್ಟ ಮಣಿಕಟ್ಟು ನೋಡಿದ.

"ಕೂಡಿಲ್ಲವ್ವ. ನಾನೂ ತೊಂಬತ್ತಾರಕ್ಕ ಹಿಂಗ ಅಂದಿದ್ದೆ. ನೀ ಬ್ಯಾಡ ಬ್ಯಾಡ ಅಂದ್ರೂ ಕೈ ಕಿತ್ಕೊಂಡೆ. ನಂದು ಸೊಟ್ಟ ಆಗಿದ್ದು ಅದಕ್ಕ. ಇನ್ನ ಹನ್ನೆರಡು ಅದಾವ, ಎಣಸು."

ಅವಳಿಗೆ ಎಣಿಸಲು ಆಗಲಿಲ್ಲ. ಗುರುಸಿದ್ದನೇ ತೊಂಬತ್ತೇಳು ಅಂದ. ತಳವಾರ ತೊಂಬತ್ತೆಂಟು ಅಂದ. ಆಮೇಲೆ ಇಡೀ ಊರು ಅಂದಿತು. ನೂರಾ ಮೂರಕ್ಕೆ, ಬೆಳಗಿನಿಂದ ಬಾಯಲ್ಲೇ ನಿಂತಿದ್ದ ಶರಣು ಬಸಲಿಂಗವ್ವನ ಮನಸ್ಸಿಗೆ ಇಳಿಯಿತು ಅನ್ನುತ್ತಾರೆ. ಅದು ಯಾವ ಎಲುಬಿಗೂ ಅಲ್ಲ, ಎದುರು ಕೂತು ಬೆವರುತ್ತಿದ್ದ ಆ ಗಾಣಿಗನಿಗೆ. ಅವಳು ಅದನ್ನು ಹೇಳಲಿಲ್ಲ. ಹೇಳಿದ್ದರೆ ಅವನು ಕೈ ಬಿಟ್ಟು ಎದ್ದು ಹೋಗುತ್ತಿದ್ದ. ನೂರೆಂಟಕ್ಕೆ ಅವನು ಉದ್ದಿನ ಹಿಟ್ಟು ಮೆತ್ತಿ, ದಬ್ಬೆ ಇಟ್ಟು, ಪಟ್ಟಿ ಸುತ್ತಿದ. ಪಟ್ಟಿಗೆ ಕೊಟ್ಟ ಸೀರೆ ಹರಕು ಅಂದ.

ನಲವತ್ತು ದಿನವೂ ಅವನು ಬೆಳಿಗ್ಗೆ ಬಂದು, ಅವಳು ಎಲ್ಲ ಎಲುಬಿಗೂ ಶರಣು ಅಂದಳೋ ಇಲ್ಲವೋ ಎಂದು ನಿಂತು ನೋಡಿ ಹೋದ. ಆ ನಲವತ್ತು ದಿನ ಒಂದು ದೂರೂ ಹೇಳಲಿಲ್ಲವಂತೆ. ಇದನ್ನು ಮಾತ್ರ ಮೂರು ಊರಿನವರೂ ಪೂರ್ತಿ ನಂಬುವುದಿಲ್ಲ.

ಇಂದಿಗೂ ಆ ಕಡೆಯವರು ಎಲುಬು ಮುರಿದವರನ್ನು ಒಬ್ಬರನ್ನೇ ಕಳಿಸುವುದಿಲ್ಲ, ಜೊತೆಗೆ ಹತ್ತು ಜನ ಹೋಗುತ್ತಾರೆ. ತೊಂಬತ್ತಾರರವರೆಗೆ ಸುಮ್ಮನಿದ್ದು, ಉಳಿದ ಹನ್ನೆರಡನ್ನು ಎಲ್ಲರೂ ಕೂಡಿ ಗಟ್ಟಿಯಾಗಿ ಎಣಿಸುತ್ತಾರೆ. ಪೇಟೆಯ ಡಾಕ್ಟರು ಮೊದಮೊದಲು ಬೈದು ನೋಡಿದರು. ಈಗ ಪ್ಲಾಸ್ಟರ್ ಹಾಕುತ್ತ ಅವರೂ ಎಣಿಸುತ್ತಾರೆ.

ಬಸಲಿಂಗವ್ವನ ಪಟ್ಟಿಯನ್ನು ನಲವತ್ತೊಂದನೆಯ ದಿನ ಬಿಚ್ಚಿದರು. ಕೈ ನೆಟ್ಟಗಿತ್ತು.