ಸದ್ದಿಲ್ಲದ ಕಾಲುವೆ

“ಗುರುಗಳೇ, ಮೈಯೊಳಗೆ ಶಕ್ತಿ ಹರಿಯುತ್ತಿದೆ ಎಂದು ಗೊತ್ತಾಗುವುದು ಹೇಗೆ?”

ಶಿಷ್ಯ ಹೀಗೆ ಕೇಳಿದಾಗ ಅವನ ಹೆಗಲ ಮೇಲೆ ತುಂಬಿದ ತಾಮ್ರದ ಕೊಡವಿತ್ತು. ಬೆಟ್ಟದ ಬುಡದ ನೀರಿನ ದೊಣೆಯಿಂದ ಮೇಲಿನ ಮಠಕ್ಕೆ ಮುನ್ನೂರು ಮೆಟ್ಟಿಲು. ನಡುವೆ ಮೂರು ಕಡೆ ಹೊರೆಗಲ್ಲು ನೆಟ್ಟಿದ್ದರು. ಭಾರ ಹೊತ್ತವರು ಅದರ ಮೇಲೆ ಇಳಿಸಿ ಉಸಿರು ತೆಗೆದುಕೊಳ್ಳಬೇಕು. ಬಂದ ಹೊಸತರಲ್ಲಿ ಶಿಷ್ಯ ಮೂರೂ ಕಲ್ಲಿನ ಮೇಲೆ ಕೊಡ ಇಳಿಸುತ್ತಿದ್ದ. ಕಲ್ಲಿಲ್ಲದ ಕಡೆಯೂ ಇಳಿಸುತ್ತಿದ್ದ. ತುಳುಕಿದ ನೀರಿನಿಂದ ಆಗ ಆ ಕಲ್ಲುಗಳು ಒಣಗುತ್ತಲೇ ಇರಲಿಲ್ಲ.

ಗುರುಗಳು ಮುಂದೆ ಹತ್ತುತ್ತಿದ್ದರು. ತಿರುಗಿ ನೋಡದೆ, “ಈಗ ಯಾಕೆ ಬಂತು ಈ ಮಾತು?” ಎಂದರು.

“ನಾಲ್ಕು ವರ್ಷದಿಂದ ಮರ ತಬ್ಬಿದ ಹಾಗೆ ಕೈ ಚಾಚಿ ನಿಲ್ಲುತ್ತಿದ್ದೇನೆ. ನೀವು ಹೇಳಿದಂತೆ ಉಸಿರನ್ನು ಹೊಕ್ಕುಳಿಗೆ ಇಳಿಸುತ್ತಿದ್ದೇನೆ. ಏನೂ ಆಗಿಲ್ಲ. ಹೊಳೆಯಾಚೆಯ ಗುರುಗಳ ಹತ್ತಿರ ಮೊದಲ ದಿನವೇ ಅಂಗೈ ಕಾಯುತ್ತದಂತೆ. ಏಳನೆಯ ದಿನ ಬೆನ್ನಗುಂಟ ಜುಮ್ಮೆಂದು ಏರುತ್ತದಂತೆ. ಅವರು ಊದಿದರೆ ಶಿಷ್ಯರು ಹತ್ತು ಮಾರು ದೂರ ಹೋಗಿ ಬೀಳುತ್ತಾರಂತೆ.”

“ಬಿದ್ದವರು ಏಳುತ್ತಾರೋ?”

“ಏಳುತ್ತಾರೆ. ಎದ್ದು ಮತ್ತೆ ಬೀಳುವುದಕ್ಕೆ ಸಾಲಿನಲ್ಲಿ ನಿಲ್ಲುತ್ತಾರೆ.”

“ಒಳ್ಳೆಯ ಶಿಷ್ಯರು. ನೀನು ನನಗಾಗಿ ಒಮ್ಮೆಯೂ ಬೀಳಲಿಲ್ಲ.”

ಶಿಷ್ಯ ನಗಲಿಲ್ಲ. “ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದೇನೆ. ಈ ನೀರು ಹಂಡೆಗೆ ಹೊಯ್ದು ಹೊರಡುವುದು ಎಂದುಕೊಂಡಿದ್ದೇನೆ. ಹೋಗಲೋ, ಇರಲೋ, ನೀವೇ ಹೇಳಿ.”

ಗುರುಗಳು ಹತ್ತುತ್ತಲೇ ಹೇಳಿದರು.

“ಒಂದು ಊರು. ಆ ಊರಿಗೆ ಒಂದು ಕೆರೆ. ಎಷ್ಟು ದೊಡ್ಡದೆಂದರೆ, ಈ ದಡದಿಂದ ಹಾರಿದ ಕಾಗೆ ಆ ದಡ ಮುಟ್ಟುವಾಗ ಮೊಮ್ಮಕ್ಕಳನ್ನು ಕಂಡಿರುತ್ತಿತ್ತು. ಹರೆಯದಲ್ಲಿ ನಾನು ಅದನ್ನು ಒಂದೇ ಉಸಿರಿಗೆ ಈಜಿದ್ದೇನೆ, ಆ ಮಾತು ಬಿಡು.

“ಆ ಊರಿನ ನೀರುಗಂಟಿ ತೀರಿಕೊಂಡ. ತೂಬು ಎತ್ತಿ ಕಾಲುವೆಗೆ ನೀರು ಬಿಟ್ಟು ಗದ್ದೆಗದ್ದೆಗೂ ಹಂಚುವವನು ಅವನು. ಅವನಿಲ್ಲದೆ ಊರಿಗೆ ಅನ್ನವಿಲ್ಲ. ಕೆಲಸ ಕೇಳಿಕೊಂಡು ಇಬ್ಬರು ಬಂದರು. ಊರವರು ಒಬ್ಬನಿಗೆ ಬಲಗಾಲುವೆ ಕೊಟ್ಟರು, ಇನ್ನೊಬ್ಬನಿಗೆ ಎಡಗಾಲುವೆ. ಒಂದು ಬೆಳೆ ನೋಡೋಣ ಎಂದರು.

“ಮೂರನೆಯ ದಿನಕ್ಕೆ ಬಲಗಾಲುವೆ ಮೊರೆಯತೊಡಗಿತು. ಏಳೂರಿಗೆ ಕೇಳಿಸಿತು. ಗುಡುಗೆಂದು ತಿಳಿದು ನವಿಲುಗಳು ಕುಣಿದು ಕುಣಿದು ಕಾಲು ನೋಯಿಸಿಕೊಂಡವು. ದಂಡೆಯ ಮೇಲೆ ನಿಂತರೆ ಅಂಗಾಲಿನಿಂದ ನಡುಕ ಏರುತ್ತಿತ್ತು. ಜನ ಬುತ್ತಿ ಕಟ್ಟಿಕೊಂಡು ನಿಲ್ಲಲು ಬಂದರು. ಎಡಗಾಲುವೆಯ ನೀರು ಎಣ್ಣೆಯ ಹಾಗೆ ಜಾರುತ್ತಿತ್ತು. ಅಲ್ಲಿಯ ನೀರುಗಂಟಿ ದಿನ ಬೆಳಗಾದರೆ ಕಾಲುವೆಗೆ ಇಳಿದು, ಬಗ್ಗಿ, ಏನನ್ನೋ ಎತ್ತಿ ಹೊರಗೆ ಹಾಕುತ್ತಿದ್ದ. ಅದನ್ನು ನೋಡಲು ಯಾರು ನಿಲ್ಲುತ್ತಾರೆ?

“ಎರಡೂ ಕಾಲುವೆಯ ಬಾಲ ಮುಟ್ಟುವ ಕಡೆ ಒಬ್ಬ ರೈತನ ಗದ್ದೆಯಿತ್ತು. ಮನೆಯಲ್ಲಿ ಒಂಬತ್ತು ಬಾಯಿ. ಯಾವುದಾದರೂ ಒಂದು ಕಾಲುವೆಯ ನೀರು ಆರಿಸಿಕೊಳ್ಳಬೇಕು, ಬೆಳೆ ಕೈಗೆ ಬರುವವರೆಗೆ ಬದಲಿಸುವಂತಿಲ್ಲ ಎಂಬುದು ಊರ ಕಟ್ಟಳೆ. ಅವನು ಎರಡೂ ಕಡೆ ನಿಂತು ನೋಡಿ ಮನೆಗೆ ಬಂದ. ‘ಎಡಗಡೆ ಏನೂ ಇಲ್ಲ ಕಣೇ. ಬಲಗಾಲುವೆಗೆ ಕಾಲಿಟ್ಟೆ ನೋಡು, ಮೊಣಕಾಲಿನ ತನಕ ಜುಮ್ಮೆಂದಿತು. ನೀರೆಂದರೆ ಅದು’ ಎಂದು ಹೆಂಡತಿಗೆ ಹೇಳಿದ.

“‘ಭತ್ತ ಬಿತ್ತಿರುವುದು ನಿಮ್ಮ ಮೊಣಕಾಲಿನಲ್ಲೋ?’ ಎಂದಳು ಅವಳು.

“ಅವನು ಬಲಗಾಲುವೆಯನ್ನೇ ಆರಿಸಿದ. ಪಕ್ಕದ ಗದ್ದೆ ಒಬ್ಬ ಮುದುಕಿಯದು. ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ಅವಳು ತೂಬಿನ ಹತ್ತಿರ ಹೋಗಿ ಎರಡೂ ಕಾಲುವೆಗೆ ಒಂದೊಂದು ಮುತ್ತುಗದೆಲೆ ಬಿಟ್ಟು, ತಿರುಗಿ ಬಂದು ತನ್ನ ಬದುವಿನ ಮೇಲೆ ಕುಳಿತಳು. ಎಡಗಾಲುವೆಯ ಎಲೆ ಅವಳ ಹಿಂದೆಯೇ ಬಂತು. ಬಲಗಾಲುವೆಯ ಎಲೆ ಇವತ್ತಿಗೂ ಬಂದಿಲ್ಲ.

“ಭತ್ತ ಹೊಡೆಯಾಯಿತು, ತೆನೆ ಹೊರಡುವ ಹೊತ್ತು. ಮುದುಕಿಯ ಗದ್ದೆಯಲ್ಲಿ ಕೊಕ್ಕರೆ ಮೀನು ಹಿಡಿಯುತ್ತಿತ್ತು. ರೈತನ ಗದ್ದೆಯಲ್ಲಿ ಕೆಸರು ಬಿಗಿಯಿತು, ಪೈರು ಬಣ್ಣ ತಿರುಗಿತು. ಅವನು ಕಾಲುವೆಯ ಜಾಡು ಹಿಡಿದು ಮೇಲಕ್ಕೆ ನಡೆದ. ಸದ್ದು ಹೆಚ್ಚಾಗುತ್ತಲೇ ಹೋಯಿತು. ಇಳಿದು ನೋಡಿದರೆ ಹತ್ತು ಹೆಜ್ಜೆಗೊಂದು ಕಲ್ಲು. ಒಂದೊಂದು ಕಲ್ಲು ಕರುವಿನ ಗಾತ್ರ. ನೀರು ಅದಕ್ಕೆ ಬಡಿದು, ನೊರೆ ಎದ್ದು, ದಂಡೆ ಹಾರಿ ಪಾಳು ನೆಲಕ್ಕೆ ಇಂಗುತ್ತಿತ್ತು. ದಂಡೆಯ ಮೇಲೆ ಜನ ಕಣ್ಣು ಮುಚ್ಚಿ ನಿಂತಿದ್ದರು.

“‘ಈ ಕಲ್ಲು ಯಾರು ಹಾಕಿದ್ದು?’ ಎಂದು ರೈತ ಕೇಳಿದ.

“‘ನಾನೇ’ ಎಂದ ನೀರುಗಂಟಿ. ‘ನೀರಿಗೆ ಎಲ್ಲಿಯ ಸದ್ದು, ಗೌಡರೇ? ಸದ್ದು ಕಲ್ಲಿನದು. ಕಲ್ಲು ಹಾಕದಿದ್ದರೆ ನೀವು ನನ್ನ ಕಾಲುವೆಗೆ ಬರುತ್ತಿದ್ದಿರಾ?’”

ಶಿಷ್ಯ ಇನ್ನೊಂದಷ್ಟು ಮೆಟ್ಟಿಲು ಹತ್ತಿದ.

“ರೈತ ಏನು ಮಾಡಿದ?”

“ಏನು ಮಾಡುತ್ತಾನೆ? ಆ ವರ್ಷ ಒಂಬತ್ತು ಬಾಯಿಯೂ ಮುದುಕಿಯ ಭತ್ತ ಉಂಡವು. ಉಣ್ಣುವಾಗ ಅವನ ಹೆಂಡತಿ ದಿನವೂ ಅವನ ಮೊಣಕಾಲಿನ ಕ್ಷೇಮ ವಿಚಾರಿಸುತ್ತಿದ್ದಳು.”

“ಹಾಗಾದರೆ ಸದ್ದಿಲ್ಲದವರೆಲ್ಲ ಒಳ್ಳೆಯ ಗುರುಗಳೋ?”

“ಯಾರು ಹೇಳಿದರು? ಸುಮ್ಮನೆ ಕೂತವರಲ್ಲಿ ಮುಕ್ಕಾಲು ಪಾಲು ಸೋಮಾರಿಗಳು. ನನ್ನಂಥವನು ಸಾವಿರಕ್ಕೊಬ್ಬ. ಅದೂ ಹೆಚ್ಚಾಯಿತು, ಲಕ್ಷಕ್ಕೊಬ್ಬ.”

“ಮತ್ತೆ ತಿಳಿಯುವುದು ಹೇಗೆ?”

“ಮುದುಕಿ ಎಲ್ಲಿ ಕುಳಿತಿದ್ದಳು?”

“ಬಾಲದ ಗದ್ದೆಯ ಬದುವಿನ ಮೇಲೆ.”

“ಅಲ್ಲಿ ನೋಡಬೇಕು.”

ಶಿಷ್ಯನ ದನಿಯಲ್ಲಿ ಸಿಟ್ಟು ಬಂತು. “ಎಲ್ಲಿ ನೋಡಲಿ? ಗದ್ದೆ ಇರುವುದು ರೈತರಿಗೆ. ನಾಲ್ಕು ವರ್ಷದಿಂದ ನಿಂತ ನನಗೆ ಯಾವ ಬಾಲದ ಗದ್ದೆ ಇದೆ, ತೋರಿಸಿ. ತೋರಿಸಿದರೆ ಗಂಟು ಬಿಚ್ಚುತ್ತೇನೆ.”

ಗುರುಗಳು ನಿಂತರು. ಮೊದಲ ಸಲ ಹಿಂದಕ್ಕೆ ತಿರುಗಿದರು. ಬಂದ ದಾರಿಯಲ್ಲಿ, ಕೆಳಗೆ, ಒಂದರ ಕೆಳಗೊಂದು ಮೂರು ಹೊರೆಗಲ್ಲುಗಳು ಕಾಣುತ್ತಿದ್ದವು. ಮೂರೂ ಬಿಸಿಲಿಗೆ ಒಣಗಿ ಬೆಳ್ಳಗಾಗಿದ್ದವು. ಶಿಷ್ಯನೂ ಅವರು ನೋಡಿದ ಕಡೆ ನೋಡಿದ.

“ಕೊಡ ಇಳಿಸು, ಮೆಟ್ಟಿಲು ಮುಗಿದವು” ಎಂದರು ಗುರುಗಳು.