ರಾಹುಕಾಲ ನೋಡಿದ ದೋಣಿ

ಭೂಮಿಯ ಉತ್ತರದ ತುದಿಯಲ್ಲಿ ಹಿಮ ಕರಗಿ ಆದ ಒಂದು ಸರೋವರ. ಅಲ್ಲಿ ಒಂದು ದೋಣಿ ಮತ್ತು ಒಂದು ಮಂಜುಗಡ್ಡೆ, ಜೊತೆಯಾಗಿ ಸರೋವರ ಸುತ್ತಬೇಕು ಎಂದು ಮಾತಾಡಿಕೊಂಡಿದ್ದವು.

“ಇವತ್ತು ಮಂಗಳವಾರ, ಬೇಡ,” ಎಂದಿತು ದೋಣಿ. “ನಾಳೆ ರಾಹುಕಾಲ ಕಳೆದ ಮೇಲೆ ಹೊರಡೋಣ.”

“ದೋಣಿಯಣ್ಣ, ನೀನು ದಿನ ನೋಡೋಕೆ ಶುರು ಮಾಡಿದಾಗ ನಾನು ಮನೆಯಷ್ಟಿದ್ದೆ. ಈಗ ಎಮ್ಮೆಯಷ್ಟಿದ್ದೀನಿ,” ಎಂದಿತು ಮಂಜುಗಡ್ಡೆ. “ಅದೂ ಅಲ್ಲದೆ, ಬೇಸಿಗೆಯಲ್ಲಿ ಇಲ್ಲಿ ಸೂರ್ಯ ಮುಳುಗೋದೇ ಇಲ್ಲ. ಮುಳುಗದವನು ಹುಟ್ಟೋದೆಲ್ಲಿ? ರಾಹುಕಾಲ ಎಲ್ಲಿಂದ ಎಣಿಸ್ತೀಯ?”

ದೋಣಿ ನಕ್ಕಿತು. ದಡದ ಹಗ್ಗ ಬಿಚ್ಚಿ ಮಂಜುಗಡ್ಡೆಗೆ ಕಟ್ಟಿಕೊಂಡು ಹೊರಟಿತು.

ಸುತ್ತು ಮುಗಿಯುವಾಗ ಮಂಜುಗಡ್ಡೆ ಕರುವಿನಷ್ಟಾಗಿತ್ತು.

“ಇನ್ನೊಂದು ಸುತ್ತು ಹೋಗೋಣವಾ?” ಎಂದು ಮಂಜುಗಡ್ಡೆ ಕೇಳಿತು.

ದೋಣಿ ಆಗಲೇ ಮುಂದಿನ ಸುತ್ತಿಗೆ ತಿರುಗಿತ್ತು.