ತೂಗುಸೇತುವೆಯ ರಾಗ

ಜಪಾನಿನ ಒಂದು ಸಣ್ಣ ಊರು. ನದಿಗೆ ಬೆನ್ನು ಹಾಕಿ ನಿಂತ ಮರದ ಮನೆ. ಅಲ್ಲಿ ತೊಕುನಾಗ ಎಂಬ ವೃದ್ಧ ಗುರುಗಳಿದ್ದರು.

ನದೀತೀರದ ಗುರು ಅಂದ ಕೂಡಲೇ ಗಡ್ಡ, ಜಪಮಾಲೆ ಎಂದೆಲ್ಲ ಊಹಿಸಿಕೊಳ್ಳಬೇಡಿ. ಇವರು ವಿಡಿಯೋ ಗೇಮುಗಳಿಗೆ ಸಂಗೀತ ಮಾಡುವವರು. ಯಂತ್ರದಿಂದ ಕೀಂ ಕೀಂ ಬಿಟ್ಟರೆ ಬೇರೆ ದನಿಯೇ ಹೊರಡದಿದ್ದ ಕಾಲದಲ್ಲಿ, ಆ ಕೀಂ ಕೀಂನಿಂದಲೇ ಮಕ್ಕಳ ಕಣ್ಣಲ್ಲಿ ನೀರು ತರಿಸಿದವರು. ಆಮೇಲೆ ಅನಿಮೆ ಎಂಬ ಜಪಾನಿ ಕಾರ್ಟೂನ್ ಚಿತ್ರಗಳಿಗೂ ಬರೆದು ಹೆಸರು ಮಾಡಿದರು. ಆ ಮಕ್ಕಳ ತಲೆ ಈಗ ಬೋಳಾಗಿದೆ. ಸ್ನಾನ ಮಾಡುವಾಗ ಇಂದಿಗೂ ಇವರ ರಾಗವನ್ನೇ ಗುನುಗುತ್ತಾರೆ.

ಶಿಷ್ಯೆಯ ಹೆಸರು ಶಿಯೋರಿ. ವಿದ್ಯೆ ಇತ್ತು, ತಾಳ್ಮೆ ಇರಲಿಲ್ಲ. ಇದ್ದ ಅಷ್ಟಿಷ್ಟನ್ನೂ ಗುರುಗಳೇ ಖಾಲಿ ಮಾಡಿದ್ದರು. ಏನು ಬರೆದು ತಂದರೂ "ಹೂಂ" ಅನ್ನುವುದು, ಚಹಾ ಹೀರುವುದು. ಆ "ಹೂಂ" ಮೆಚ್ಚಿಗೆಯೋ ತಿರಸ್ಕಾರವೋ ದೇವರಿಗೇ ಗೊತ್ತು.

ಈ ಸಲ ಹಾಗೆ ಬಿಡುವಂತಿರಲಿಲ್ಲ. ಹೊಸ ಗೇಮಿನಲ್ಲಿ ಒಬ್ಬ ಯಾತ್ರಿಕ ತೂಗುಸೇತುವೆ ದಾಟಬೇಕು. ಆ ಘಟ್ಟದ ಸಂಗೀತ ಅವಳದು, ಅವಳ ಸ್ವಂತ ಹೆಸರಿನಲ್ಲಿ ಬರಬೇಕಾದ ಮೊದಲ ರಾಗ. ಸಂಜೆಯೊಳಗೆ ಗುರುಗಳು ಒಪ್ಪದಿದ್ದರೆ ಗೇಮ್ ಕಂಪನಿಯವರು ಅಲ್ಲಿಗೆ ಗುರುಗಳದೇ ಹಳೆಯ ರಾಗವೊಂದನ್ನು ಹಾಕಿಬಿಡುತ್ತಾರೆ. ಹಾಗೇನಾದರೂ ಆದರೆ ಗಂಟುಮೂಟೆ ಕಟ್ಟುವುದೇ ಸರಿ ಎಂದು ಅವಳು ತೀರ್ಮಾನಿಸಿದ್ದಳು.

"ಕೇಳಿಸಲಾ ಗುರುಗಳೇ?"

"ಬೇಡ. ಆಡ್ತಾ ಕೇಳ್ತೀನಿ."

ಅದು ಅವರ ಹಠ. ಆಡಲು ಬರುತ್ತಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಜೀವಮಾನವಿಡೀ ಗೇಮುಗಳಿಗೆ ಬರೆದ ಮನುಷ್ಯನಿಗೆ ಗೇಮಿನಲ್ಲಿ ಒಂದು ಚರಂಡಿ ಹಾರಲೂ ಬರುತ್ತಿರಲಿಲ್ಲ.

ತೆರೆಯ ಮೇಲೆ ಪುಟ್ಟ ಯಾತ್ರಿಕ ಸೇತುವೆಗೆ ಕಾಲಿಟ್ಟ. ನಗಾರಿ ಮೊಳಗಿತು. ಹಲಗೆ ಮುರಿಯಿತು. ಯಾತ್ರಿಕ ಹೊಳೆಗೆ ಬಿದ್ದ, ರಾಗ ನಿಂತಿತು.

ಮತ್ತೆ ಈಚೆ ದಡ. ಮತ್ತೆ ಮೊದಲಿಂದ ನಗಾರಿ. ಮತ್ತೆ ಬಿದ್ದ.

"ಹಲಗೆ ಅಲ್ಲಾಡಿದ ತಕ್ಷಣ ಹಾರ್ಬೇಕು ಗುರುಗಳೇ."

"ಹೂಂ," ಅಂದರು, ಬಿದ್ದರು.

"ಆ ಬಟನ್ ಅಲ್ಲ, ಪಕ್ಕದ್ದು!"

"ಇದಾ?"

"ಅಯ್ಯೋ, ಅದು ಕೂತ್ಕೊಳ್ಳೋದು!"

ಯಾತ್ರಿಕ ಸೇತುವೆಯ ಮೇಲೆ ನೆಮ್ಮದಿಯಾಗಿ ಕೂತ. ಕೂತಲ್ಲಿಂದಲೇ ಬಿದ್ದ.

ಶಿಯೋರಿಗೆ ಮೈಯೆಲ್ಲ ಉರಿಯಿತು. ಅವಳ ರಾಗದ ಜೀವ ಇದ್ದದ್ದು ನಡುಸೇತುವೆಯ ಆಚೆಗೆ. ಅಲ್ಲಿ ನಗಾರಿ ಅಡಗಿ, ಒಂದೇ ಒಂದು ಬಿದಿರ ಕೊಳಲು ಏಳುತ್ತದೆ. ಅದನ್ನು ಬರೆದ ದಿನ ಅವಳ ಕಣ್ಣೇ ತುಂಬಿ ಬಂದಿತ್ತು. ಈ ಮಹಾನುಭಾವರು ಅಲ್ಲಿಯವರೆಗೆ ಬಂದರೆ ತಾನೇ!

"ಕೊಡಿ ಇಲ್ಲಿ, ನಾನು ದಾಟಿಸ್ತೀನಿ."

"ನೀನು ದಾಟಿದ್ರೆ ನನಗೇನು ಬಂತು?"

ಊಟದ ಹೊತ್ತು ಮೀರಿತು. ನಗಾರಿ, ಹಲಗೆ, ಹೊಳೆ. ನಗಾರಿ, ಹಲಗೆ, ಹೊಳೆ. ಕಡೆಗೆ ಅವಳು ಕಿವಿ ಮುಚ್ಚಿಕೊಂಡು ಚೀರಿದಳು.

"ನಿಲ್ಸಿ ಆ ಗಲಾಟೇನ!"

ಗುರುಗಳು ತಿರುಗಿ ನೋಡಿದರು. "ಯಾರದಮ್ಮ ಗಲಾಟೆ?"

ಅವಳದೇ. ಅವಳ ಮುಖ ಕೆಂಪಾಯಿತು.

"ಮುಂದೆ ಚೆನ್ನಾಗಿದೆ ಗುರುಗಳೇ. ಅರ್ಧ ದಾಟಿದ ಮೇಲೆ."

"ದಾಟೋಕೆ ಬರದವರಿಗೆ?"

"ಅವರು ಕಲೀಬೇಕು!"

"ಕಲಿಯೋವರೆಗೆ?"

ಅವಳು ಧಡಧಡ ಒಳಗೆ ಹೋಗಿ ಕಂಪ್ಯೂಟರ್ ಮುಂದೆ ಕೂತಳು. ಕೊಳಲನ್ನು ಕಿತ್ತು ತಂದು ರಾಗದ ಮೊದಲಿಗೇ ಇಟ್ಟಳು. ಈಗ ಹೇಗೆ ಕೇಳದೆ ಇರುತ್ತಾರೋ ನೋಡೋಣ!

ಗುರುಗಳು ಆಡಿದರು. ಕೊಳಲು ಎದ್ದಿತು. ಯಾತ್ರಿಕ ಬಿದ್ದ. ಕೊಳಲಿನ ಕತ್ತು ಅಲ್ಲೇ ಮುರಿಯಿತು. ಮತ್ತೆ ಎದ್ದಿತು, ಮತ್ತೆ ಅದೇ ಜಾಗದಲ್ಲಿ ಮುರಿಯಿತು. ಕಣ್ಣು ತುಂಬಿಸಿದ್ದ ಕೊಳಲು ಈಗ ತಲೆ ಸಿಡಿಸತೊಡಗಿತು. ನಗಾರಿಯೇ ವಾಸಿಯಿತ್ತು ಅನ್ನಿಸಿತು ಅವಳಿಗೆ.

"ಬೀಳೋರು ನೀವು!" ಶಿಯೋರಿ ಎದ್ದು ನಿಂತೇಬಿಟ್ಟಳು. ಗುರು, ಹಿರಿಯರು ಎಂಬುದೆಲ್ಲ ಮರೆತುಹೋಗಿತ್ತು. "ನೀವು ಬಿದ್ದಿದ್ದಕ್ಕೆ ನನ್ನ ರಾಗ ಯಾಕೆ ಮೊದಲಿಗೆ ವಾಪಸ್ ಹೋಗ್ಬೇಕು?"

ಗುರುಗಳ ಬೆರಳು ನಿಂತಿತು.

"ಹೋಗು ಅಂದವರು ಯಾರು?"

ಯಾರೂ ಅಂದಿರಲಿಲ್ಲ. ಬಿದ್ದರೆ ಯಾತ್ರಿಕನೂ ಮೊದಲಿಂದ, ರಾಗವೂ ಮೊದಲಿಂದ. ಅವಳು ಆಡಿದ ಗೇಮುಗಳಲ್ಲೆಲ್ಲ ಹಾಗೇ ಇತ್ತು, ಅವಳೂ ಕಣ್ಣು ಮುಚ್ಚಿಕೊಂಡು ಹಾಗೇ ಮಾಡಿದ್ದಳು.

ಅವಳು ಮತ್ತೆ ಒಳಗೆ ಹೋದಳು. ಈ ಸಲ ಧಡಧಡ ಸದ್ದಿರಲಿಲ್ಲ. ಕೊಳಲನ್ನು ಅದರ ಜಾಗಕ್ಕೇ ಮರಳಿಸಿದಳು. ನಗಾರಿಯ ಅಬ್ಬರ ಇಳಿಸಿದಳು. ಯಾತ್ರಿಕ ಬಿದ್ದರೂ ಎದ್ದರೂ ರಾಗ ತನ್ನ ಪಾಡಿಗೆ ಮುಂದೆ ಸಾಗುವಂತೆ ಮಾಡಿದಳು.

ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ಫೋನ್ ಹೊಡೆದುಕೊಳ್ಳುತ್ತಿತ್ತು. ಕಂಪನಿಯವರದು.

ಗುರುಗಳು ಫೋನಿನ ಕಡೆ ನೋಡದೆ ಆಟಕ್ಕೆ ಕೂತರು. ನಗಾರಿ ಮೆಲ್ಲಗೆ ಶುರುವಾಯಿತು. ಯಾತ್ರಿಕ ಬಿದ್ದ. ರಾಗ ನಿಲ್ಲಲಿಲ್ಲ. ಈಚೆ ದಡಕ್ಕೆ ಬಂದ, ನಡೆದ, ಮತ್ತೆ ಬಿದ್ದ. ರಾಗ ನಡೆಯುತ್ತಲೇ ಇತ್ತು.

ಯಾತ್ರಿಕ ಇನ್ನೊಮ್ಮೆ ಒದ್ದೆಯಾಗಿ ದಡಕ್ಕೆ ಬಂದು ನಿಂತಾಗ ನಗಾರಿ ಅಡಗಿತು. ಕೊಳಲು ಎದ್ದಿತು.

ಗುರುಗಳ ಹೆಬ್ಬೆರಳು ಅಲುಗಲಿಲ್ಲ. ಚಹಾ ಆರಿತು. "ಹೂಂ" ಕೂಡ ಬರಲಿಲ್ಲ.

ಫೋನ್ ನಿಂತು ಮತ್ತೆ ಹೊಡೆದುಕೊಳ್ಳತೊಡಗಿತು. ಶಿಯೋರಿಗೆ ಅಳು ಬರುವುದೊಂದು ಬಾಕಿ.

"ಹೂಂ ಅನ್ನಿ, ಉಹೂಂ ಅನ್ನಿ, ಏನಾದ್ರೂ ಅನ್ನಿ! ಇಲ್ಲ, ಆ ಹಾಳು ಸೇತುವೆನಾದ್ರೂ ದಾಟಿ ಗುರುಗಳೇ!"

"ಅವರಿಗೆ ನಿನ್ನ ಹೆಸರು ಬರ್ಕೊಳ್ಳೋಕೆ ಹೇಳು," ಅಂದರು ಗುರುಗಳು, ತೆರೆಯಿಂದ ಕಣ್ಣು ತೆಗೆಯದೆ. "ನನಗೆ ದಾಟೋ ಅವಸರ ಇಲ್ಲಮ್ಮ. ಈ ದಡದಲ್ಲೇ ಕೇಳಿಸ್ತಿದೆ."